ಬೆಲ್ಲ ಎಷ್ಟು, ಸಾಮೆ ಎಷ್ಟು: ಒಂದು ಗ್ರನೋಲಾ ಪೊಟ್ಟಣದ ಪ್ರಕರಣ

ಗ್ರನೋಲಾ ಅಂದರೆ ಹುರಿದ ಧಾನ್ಯಕ್ಕೆ ಸಿಹಿಪಾಕ ಕಲಸಿ ಒಣಗಿಸಿ, ಬೆಳಿಗ್ಗೆ ಹಾಲು, ಮೊಸರಿನ ಜೊತೆ ತಿನ್ನುವ ತಿನಿಸು. ನಾನು ಕೊಂಡ ಪೊಟ್ಟಣದ ಮುಂಭಾಗದಲ್ಲಿ ಸಾಮೆ ತೆನೆಯ ಚಿತ್ರ. ಕೆಳಗೆ 'ರೈತ ಮಹಿಳೆಯರ ಕೈಯಿಂದ' ಎಂಬ ಸಾಲು. ಮೂಲೆಯಲ್ಲಿ ದುಂಡನೆಯ ಮುದ್ರೆಯೊಳಗೆ 'ಸಂಸ್ಕರಿಸಿದ ಸಕ್ಕರೆ ಇಲ್ಲ', ಅದರ ಪಕ್ಕ 'ಕ್ಯಾಲ್ಸಿಯಂ ಭರಿತ'. ತೂಕ 400 ಗ್ರಾಂ, ಬೆಲೆ 320 ರೂಪಾಯಿ. ಬೆಂಗಳೂರಿನ ಅರಮನೆ ಮೈದಾನದ ಸಿರಿಧಾನ್ಯ ಮೇಳದಲ್ಲಿ ಕೊಂಡದ್ದು. ಮಾಡುವವರು ಧಾರವಾಡ–ಹಾವೇರಿ ಸೀಮೆಯ ಕೆಲವು ಸ್ವಸಹಾಯ ಸಂಘಗಳು ಸೇರಿ ಕಟ್ಟಿಕೊಂಡ ಒಂದು ಚಿಕ್ಕ ಉತ್ಪಾದಕರ ಕಂಪನಿ. ಸಾಮೆ, ನವಣೆ ಬೆಳೆದವರಿಗೆ ನ್ಯಾಯವಾದ ಬೆಲೆ ಸಿಗಬೇಕು, ಊರಿನ ಹೆಣ್ಣುಮಕ್ಕಳಿಗೆ ಊರಲ್ಲೇ ಕೂಲಿ ಸಿಗಬೇಕು ಎಂಬುದು ಅವರ ಉದ್ದೇಶ. ಇದು ಅವರ ಜಾಹೀರಾತೂ ಅಲ್ಲ, ದೂರೂ ಅಲ್ಲ. ಹಾಗಾಗಿ ಹೆಸರು ಬರೆಯುವುದಿಲ್ಲ.

ನಾನು ಆಸ್ಪತ್ರೆಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುವವಳು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇಂಥ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಬರುವ ರೋಗಿಗಳು ಹೆಚ್ಚಾದರು. 'ಮೇಡಂ, ಇದು ತಿನ್ನಬಹುದಾ?' ಎಂಬುದೇ ಎಲ್ಲರ ಪ್ರಶ್ನೆ. ಉತ್ತರ ಕೊಡಬೇಕಾದರೆ ಒಂದು ಪೊಟ್ಟಣವನ್ನಾದರೂ ಬೇರುಮಟ್ಟದಿಂದ ನೋಡಬೇಕು ಅನ್ನಿಸಿತು. ಮನೆಯಲ್ಲಿ ಅದಕ್ಕೆ ತಕ್ಕ ಪರಿಸ್ಥಿತಿಯೂ ಇತ್ತು. ಮಗ ಪಿಯುಸಿ, ಬೆಳಿಗ್ಗೆ ಏನೂ ತಿನ್ನದೆ ಓಡುತ್ತಾನೆ. ಮಾವನವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಸಿರಿಧಾನ್ಯ ಎಂಬ ಹೆಸರು ಕೇಳಿದರೆ ಅವರಿಗೆ ಧೈರ್ಯ, ಎಷ್ಟು ತಿಂದರೂ ಏನೂ ಆಗುವುದಿಲ್ಲ ಎಂಬ ನಂಬಿಕೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಉದ್ದೇಶದ ಚಿಕ್ಕ ಕಂಪನಿಯ ತಿನಿಸನ್ನು ನಾವು ದಾನದ ಮನಸ್ಸಿನಿಂದ ಕೊಳ್ಳಬಾರದು, ಊಟವೆಂದೇ ಕೊಳ್ಳಬೇಕು. ಲೇಬಲ್ ಓದಿ, ತಿಂದು ನೋಡಿ, ಸರಿಯಿಲ್ಲದ್ದನ್ನು ಮಾಡಿದವರಿಗೇ ಹೇಳಬೇಕು. ಹೇಳಿದರೆ ಬದಲಾಗುವ ಸಾಧ್ಯತೆ ಇರುವುದು ಅಲ್ಲೇ, ಯಾಕೆಂದರೆ ಫೋನ್ ಎತ್ತುವವರೂ ಬಾಣಲೆ ಮುಂದೆ ನಿಲ್ಲುವವರೂ ಒಬ್ಬರೇ.

ಹಿಂಬದಿಯ ಅಕ್ಷರಗಳು

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಈ ಪೊಟ್ಟಣದ ಪಟ್ಟಿ ಹೀಗಿತ್ತು: ಸಾಮೆ ಅವಲಕ್ಕಿ, ರಾಗಿ ಅರಳು, ಬೆಲ್ಲ, ಶೇಂಗಾ, ಸಜ್ಜೆ ಹಿಟ್ಟು, ಖರ್ಜೂರ, ಜೇನುತುಪ್ಪ, ಅಗಸೆ ಪುಡಿ, ಕುಸುಬೆ ಎಣ್ಣೆ, ಏಲಕ್ಕಿ, ಉಪ್ಪು. ನೋಡಲಿಕ್ಕೆ ಒಳ್ಳೆಯ ಪಟ್ಟಿ. ಬಾಯಲ್ಲಿ ಹೇಳಲಾಗದ ಒಂದು ಹೆಸರೂ ಇಲ್ಲ. ಆದರೆ ಬೆಲ್ಲ, ಖರ್ಜೂರ, ಜೇನು ಎಂದು ಸಿಹಿ ಮೂರು ಕಡೆ ಹಂಚಿಹೋಗಿದೆ. ಸಿಹಿಯೆಲ್ಲ ಒಂದೇ ಹೆಸರಿನಲ್ಲಿ ಇದ್ದಿದ್ದರೆ ಅದು ಸಾಮೆಯ ಪಕ್ಕದಲ್ಲೇ ಬಂದು ನಿಲ್ಲುತ್ತಿತ್ತು. ಗ್ರನೋಲಾ ಆಗಲಿ, ಎನರ್ಜಿ ಬಾರ್ ಆಗಲಿ, ಕೊಳ್ಳುವವರು ಮೊದಲು ಮಾಡಬೇಕಾದ್ದು ಇದನ್ನೇ: ಸಿಹಿಯ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಕಡೆ ಗುಡ್ಡೆ ಹಾಕುವುದು.

ಪೋಷಕಾಂಶದ ಪಟ್ಟಿಯಲ್ಲಿ 100 ಗ್ರಾಂಗೆ ಒಟ್ಟು ಸಕ್ಕರೆ 27 ಗ್ರಾಂ, ಸೇರಿಸಿದ ಸಕ್ಕರೆ 21 ಗ್ರಾಂ. ಇದನ್ನು ಅವರು ಮುಚ್ಚಿಟ್ಟಿರಲಿಲ್ಲ, ಚೊಕ್ಕವಾಗಿ ಬರೆದಿದ್ದರು. ಅದಕ್ಕೆ ಅವರಿಗೆ ಗೌರವ ಸಲ್ಲಬೇಕು. ಆದರೆ ಮುಂಭಾಗದ ಮುದ್ರೆ ಓದಿದವರು ಹಿಂದೆ ತಿರುಗಿಸುವುದು ಕಡಿಮೆ. ಬೆಲ್ಲದಲ್ಲಿ ಕಬ್ಬಿಣ, ಖನಿಜ ಸ್ವಲ್ಪ ಇವೆ, ನಿಜ. ಆದರೂ ಅದರ ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಜೇನನ್ನೂ ಅಡುಗೆಯವರು ಸೇರಿಸುವ ಎಲ್ಲ ಸಿಹಿಯನ್ನೂ ಒಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇಡಿಯ ಹಣ್ಣು, ತರಕಾರಿ, ಹಾಲಿನೊಳಗೆ ತಾನಾಗೇ ಇರುವುದನ್ನು ಮಾತ್ರ ಬಿಡುತ್ತಾರೆ. ದಿನದ ಶಕ್ತಿಯಲ್ಲಿ ಈ ಸಿಹಿಯ ಪಾಲು ಶೇ 10ರ ಒಳಗಿರಬೇಕು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. 2000 ಕ್ಯಾಲರಿ ತಿನ್ನುವವರಿಗೆ ಈ ಎರಡನೆಯ ಮಿತಿ ಅಂದರೆ 25 ಗ್ರಾಂ.

'ಒಂದು ಬಾರಿಯ ಪ್ರಮಾಣ 30 ಗ್ರಾಂ' ಎಂದಿತ್ತು. ಮಗನಿಗೆ ಏನೂ ಹೇಳದೆ, ಅವನು ದಿನಾ ಹಾಕಿಕೊಳ್ಳುವ ಹಾಗೆ ಬಟ್ಟಲಿಗೆ ಹಾಕಿಕೊಳ್ಳಲು ಬಿಟ್ಟು, ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 75 ಗ್ರಾಂ. ಅಂದರೆ ಸೇರಿಸಿದ ಸಕ್ಕರೆಯೇ ಹತ್ತಿರಹತ್ತಿರ 16 ಗ್ರಾಂ, ನಾಲ್ಕು ಟೀ ಚಮಚ. ಬೆಳಗಿನ ಎಂಟು ಗಂಟೆಯೊಳಗೆ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು ಮುಗಿಯಿತು. 30 ಗ್ರಾಂ ಎಷ್ಟು ಎಂದು ಅದೇ ಬಟ್ಟಲಲ್ಲಿ ಹಾಕಿ ತೋರಿಸಿದೆ. ತಳ ಮುಚ್ಚಿತು, ಅಷ್ಟೆ. ಹದಿನೇಳರ ಹುಡುಗ ಅದನ್ನು ತಿಂದು ಕಾಲೇಜಿಗೆ ಹೋಗುವುದಿಲ್ಲ.

'ಕ್ಯಾಲ್ಸಿಯಂ ಭರಿತ' ಎಂಬ ಮಾತನ್ನೂ ಲೆಕ್ಕ ಹಾಕಿದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಧಾನ್ಯಗಳಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಇಲ್ಲಿ ರಾಗಿಯ ಪಾಲು ಐದನೇ ಒಂದು. ಮಗನ ದೊಡ್ಡ ಬಟ್ಟಲಿನಲ್ಲಿ ರಾಗಿ 15 ಗ್ರಾಂ, ಅದರಿಂದ ಸಿಗುವ ಕ್ಯಾಲ್ಸಿಯಂ 50 ಮಿಲಿಗ್ರಾಂ ಆಸುಪಾಸು. ಜೊತೆಗೆ ಹಾಕಿಕೊಂಡ ಲೋಟ ಹಾಲಿನಲ್ಲಿ ಅದರ ನಾಲ್ಕು ಪಟ್ಟಿಗಿಂತ ಹೆಚ್ಚಿದೆ. ನಾರಿನ ವಿಷಯದಲ್ಲಿ ಮಾತ್ರ ಅವರ ಮಾತು ಪೂರ್ತಿ ಸರಿ. 100 ಗ್ರಾಂಗೆ 6 ಗ್ರಾಂ ನಾರಿದ್ದರೆ 'ಹೆಚ್ಚು ನಾರು' ಎಂದು ಬರೆಯಲು ನಿಯಮ ಒಪ್ಪುತ್ತದೆ. ಇವರದು 9 ಗ್ರಾಂ. ಅದನ್ನು ಮುಂಭಾಗದಲ್ಲಿ ಬರೆಯುವುದನ್ನೇ ಮರೆತಿದ್ದರು!

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. 'ಪುಟ್ಟ ಮಕ್ಕಳಿಗೂ' ಎಂದು ಬರೆದಿದ್ದರು. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಎಳೆಯ ಕರುಳು ತಡೆಯಲಾರದು. ಇಡೀ ಶೇಂಗಾ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಬೇರೆ. ಇದು ರುಚಿ, ಇಷ್ಟದ ಮಾತಲ್ಲ.

ಬಾಯಿಗೆ ಹಾಕಿಕೊಂಡಾಗ

ರುಚಿ ಚೆನ್ನಾಗಿತ್ತು. ಸುಮ್ಮನೆ ಉಪಚಾರಕ್ಕೆ ಹೇಳುತ್ತಿಲ್ಲ. ದೊಡ್ಡ ಕಂಪನಿಗಳ ಓಟ್ಸ್ ಗ್ರನೋಲಾದಲ್ಲಿ ಒಂದೇ ಸಮನೆಯ ಸಿಹಿ, ಒಂದೇ ಸಮನೆಯ ಕರಕರೆ. ಇದರಲ್ಲಿ ರಾಗಿ ಅರಳು ಹಲ್ಲಿಗೆ ತಾಗಿದ ತಕ್ಷಣ ಕರಗಿಹೋಗುತ್ತದೆ, ಸಾಮೆ ಅವಲಕ್ಕಿ ಹಾಲಿನಲ್ಲಿ ನೆನೆದರೂ ಸ್ವಲ್ಪ ಹೊತ್ತು ಬಿರುಸಾಗಿಯೇ ಉಳಿಯುತ್ತದೆ, ಆಮೇಲೆ ಹುರಿದ ಶೇಂಗಾದ ಘಮ ಬರುತ್ತದೆ. ಅತ್ತೆಯವರು ಒಂದು ಚಮಚ ಬಾಯಿಗೆ ಹಾಕಿ, 'ಇದು ನಮ್ಮ ಹುರಿಹಿಟ್ಟಿನ ತಮ್ಮನ ಹಾಗಿದೆ ಕಣಮ್ಮ' ಅಂದರು. ಅವರು ಹಾಸನದ ಕಡೆಯವರು. ಅರಳಿಸಿದ ರಾಗಿಯನ್ನು ಬೀಸಿ ಬೆಲ್ಲ, ಕಾಯಿತುರಿ ಕಲಸಿ ತಿಂದು ಬೆಳೆದವರು.

ಮಾವನವರು ಖುಷಿಯಿಂದ ತಿಂದರು. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದಾಗ ಬಂದ ಸಂಖ್ಯೆ ಅವರಿಗೆ ಖುಷಿ ಕೊಡಲಿಲ್ಲ. ಬೇರೆ ಬೇರೆ ದಿನ ಹಾಗೆಯೇ ನೋಡಿದೆವು, ರೊಟ್ಟಿ–ಪಲ್ಯ ತಿಂದ ದಿನಕ್ಕಿಂತ ಜಾಸ್ತಿಯೇ ಬರುತ್ತಿತ್ತು. ಒಬ್ಬ ಮನುಷ್ಯನ ಗ್ಲುಕೋಮೀಟರಿನಿಂದ ಇಡೀ ಲೋಕಕ್ಕೆ ನಿಯಮ ಹೇಳಲಾಗದು. ಆದರೆ ಆ ಮನುಷ್ಯನಿಗೆ ಸಾಕಾಗುವಷ್ಟು ಉತ್ತರ ಅದರಲ್ಲಿತ್ತು. ಧಾನ್ಯ ಸಿರಿಧಾನ್ಯವೇ ಆದರೂ, ಅರಳಿಸಿ ಬೆಲ್ಲ ಹಾಕಿದ ಮೇಲೆ ಅದು ಅನ್ನಕ್ಕೆ ಬದಲು ಬೇಯಿಸಿ ತಿನ್ನುವ ಸಾಮೆ ಅಲ್ಲ.

ತೊಂದರೆ ಬಂದದ್ದು ಅಂಗಡಿಯಿಂದ ತಂದ ಮುಂದಿನ ಪೊಟ್ಟಣದಲ್ಲಿ. ಬಾಯಿ ಬಿಚ್ಚಿದ ಕೂಡಲೇ ಕಮಟು ವಾಸನೆ. 'ಆರು ತಿಂಗಳೊಳಗೆ ಬಳಸಿ' ಎಂದಿತ್ತು, ಇನ್ನೂ ಎರಡು ತಿಂಗಳು ಬಾಕಿ ಇತ್ತು. ನನಗೆ ಅನುಮಾನ ಬಂದದ್ದು ಎರಡು ಪದಾರ್ಥಗಳ ಮೇಲೆ. ಸಜ್ಜೆಯಲ್ಲಿ ಕೊಬ್ಬು ಜಾಸ್ತಿ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಚುರುಕು. ಬೀಸಿದ ಮೇಲೆ ಸಜ್ಜೆ ಹಿಟ್ಟು ಬೇಗ ಕಹಿಯಾಗುವುದು ಉತ್ತರ ಕರ್ನಾಟಕದ ಪ್ರತಿ ಮನೆಗೂ ಗೊತ್ತು. ಅದಕ್ಕೇ ಆಗಾಗ ಸ್ವಲ್ಪಸ್ವಲ್ಪವೇ ಬೀಸಿಸುತ್ತಾರೆ. ಇನ್ನೊಂದು ಅಗಸೆ ಪುಡಿ. ಇಡೀ ಅಗಸೆ ತಿಂಗಳುಗಟ್ಟಲೆ ಇರುತ್ತದೆ. ಪುಡಿ ಮಾಡಿದರೆ ಅದರೊಳಗಿನ ಒಮೆಗಾ-3 ಎಣ್ಣೆಗೆ ಗಾಳಿ, ಬೆಳಕು ತಾಗಿ ಕೆಡಲು ಶುರುವಾಗುತ್ತದೆ. ಪೊಟ್ಟಣದಲ್ಲಿ ಒಳಗಿನದ್ದು ಕಾಣಲೆಂದು ಒಂದು ಪಾರದರ್ಶಕ ಕಿಟಕಿ. ಅಂಗಡಿಯಲ್ಲಿ ಅದನ್ನು ಟ್ಯೂಬ್‌ಲೈಟಿನ ನೇರ ಕೆಳಗೆ ಜೋಡಿಸಿದ್ದರು.

ಫೋನಿನ ಆಚೆ ಕಡೆ

ಹಿಂಬದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಸಂಘದ ಅಧ್ಯಕ್ಷೆ. ಹಿಂದೆ ಯಂತ್ರದ ಸದ್ದು. ಕಮಟು ವಾಸನೆಯ ವಿಷಯ ಹೇಳಿದ ಕೂಡಲೇ ಬ್ಯಾಚ್ ನಂಬರ್ ಕೇಳಿ ಬರೆದುಕೊಂಡರು. ಬೆಲ್ಲದ ಮಾತು ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಅಕ್ಕಾರ, ಬೆಲ್ಲ ಕಮ್ಮಿ ಮಾಡೂದು ನಮಗೇನ್ ತ್ರಾಸಿಲ್ರಿ, ರೊಕ್ಕಾನೂ ಉಳೀತೈತಿ. ಆದ್ರ ಗಂಟು ಆಗಂಗಿಲ್ಲ. ಪುಡಿಪುಡಿ ಆತಂದ್ರ ಅಂಗಡಿಯವ್ರು ವಾಪಸ್ ಕಳಸ್ತಾರ್ರಿ. ಒಮ್ಮೆ ಬಂದು ನೋಡ್ರಿ ನೀವು.'

ಹೋದೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಬಹುದಾದ ಊರು. ತಗಡಿನ ಮಾಡಿನ ಉದ್ದನೆಯ ಕೋಣೆ, ಒಂದು ಕಡೆ ಸಾಮೆಯ ಸಿಪ್ಪೆ ಬಿಡಿಸುವ ಯಂತ್ರ, ಇನ್ನೊಂದು ಕಡೆ ಹುರಿಯುವ ಯಂತ್ರ. ಕೇಂದ್ರದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಸಾಲ ತೆಗೆದು ತಂದದ್ದು. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸಹಾಯಧನ ಶೇ 35 ಇತ್ತು, ನಮ್ಮ ರಾಜ್ಯ ತನ್ನ ಕಡೆಯಿಂದ ಇನ್ನಷ್ಟು ಸೇರಿಸಿ ಅದನ್ನು ಶೇ 50ಕ್ಕೆ ಏರಿಸಿತ್ತು. ಸಿಪ್ಪೆ ಬಿಡಿಸುವ ಯಂತ್ರದ ಬೆಲೆ ಏನೆಂದು ತಿಳಿಯಬೇಕಾದರೆ ಅಲ್ಲಿನ ಹಿರಿಯ ಹೆಂಗಸರನ್ನು ಮಾತನಾಡಿಸಬೇಕು. ಸಾಮೆ, ನವಣೆಯ ಸಿಪ್ಪೆ ಗಟ್ಟಿ. ಹಿಂದೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕಿತ್ತು. ಪಡಿತರದ ಅಕ್ಕಿ ಮನೆಗೆ ಬಂದ ಮೇಲೆ ಆ ದುಡಿತ ಯಾರಿಗೂ ಬೇಡವಾಯಿತು, ಸಾಮೆ ಹೊಲದಿಂದಲೇ ಹೋಯಿತು. ಊರೊಳಗೆ ಯಂತ್ರ ಬಂದ ಮೇಲೆ ಬಿತ್ತನೆ ಮರಳಿತು. ಇದು ಆ ಒಂದು ಊರಿನ ಕತೆಯಲ್ಲ. ಅದೇ ಸೀಮೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ, ಸಿರಿಧಾನ್ಯದ ಬೀಜ ಬ್ಯಾಂಕು ಮತ್ತು ಸಂಸ್ಕರಣೆಯ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ನಾನು ಹೋದದ್ದು ಆ ಸಂಘಕ್ಕಲ್ಲ. ಆದರೆ ಆ ಪ್ರಶಸ್ತಿಯ ಸುದ್ದಿಯ ಪತ್ರಿಕೆ ತುಣುಕು ಇವರ ಗೋಡೆಯ ಮೇಲೂ ಅಂಟಿತ್ತು.

ಕೆಲಸ ನೋಡುತ್ತಾ ನಿಂತೆ. ಬೆಲ್ಲ, ಜೇನು, ಎಣ್ಣೆ ಕಾಯಿಸಿ ಎಳೆಪಾಕಕ್ಕೆ ತಂದು, ಹುರಿದ ಧಾನ್ಯದ ಮೇಲೆ ಸುರಿದು, ಎರಡು ಉದ್ದನೆಯ ಕಟ್ಟಿಗೆ ಸೌಟಿನಿಂದ ಮಗುಚುತ್ತಾರೆ. ತಟ್ಟೆಗೆ ಹರಡಿ ಓವನ್ನಿಗೆ ಹಾಕುತ್ತಾರೆ. ಗಂಟು ಕಟ್ಟುವುದೆಲ್ಲ ಬೆಲ್ಲದಿಂದಲೇ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಗ್ರನೋಲಾ ಕೊಳ್ಳುವವರು ಗಂಟನ್ನು ಬಯಸುತ್ತಾರೆ, ಆ ಗಂಟಿನ ಬೆಲೆಯೇ ಸಕ್ಕರೆ.

ಈ ಜಗ್ಗಾಟ ಗ್ರನೋಲಾದಷ್ಟೇ ಹಳೆಯದು. 1863ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಡಾ. ಜೇಮ್ಸ್ ಕೇಲೆಬ್ ಜಾಕ್ಸನ್ ತನ್ನ ಆರೋಗ್ಯಧಾಮದ ರೋಗಿಗಳಿಗೆಂದು ತೌಡು ಸಮೇತದ ಗೋಧಿ ಹಿಟ್ಟನ್ನು ಎರಡು ಸಲ ಬೇಯಿಸಿ, ಒಡೆದು 'ಗ್ರನುಲಾ' ಮಾಡಿದ. ರಾತ್ರಿಯಿಡೀ ಹಾಲಿನಲ್ಲಿ ನೆನೆಸದೆ ಅದನ್ನು ತಿನ್ನಲಾಗುತ್ತಿರಲಿಲ್ಲ. ಬ್ಯಾಟಲ್ ಕ್ರೀಕ್‌ನ ಡಾ. ಜಾನ್ ಹಾರ್ವೆ ಕೆಲಾಗ್ ಅದೇ ಹೆಸರಿನಲ್ಲಿ ತನ್ನದೊಂದು ಮಾಡಿದಾಗ ಜಗಳವಾಗಿ, ಹೆಸರನ್ನು ಗ್ರನೋಲಾ ಎಂದು ಬದಲಿಸಬೇಕಾಯಿತು. ಇಬ್ಬರೂ ಆರೋಗ್ಯ ಸುಧಾರಣೆಯನ್ನು ವ್ರತವಾಗಿ ಹಿಡಿದವರು. ಮುಂದೆ ಕೆಲಾಗ್ ಮನೆಯಲ್ಲೇ ಸಕ್ಕರೆಯ ಜಗಳ ಎದ್ದಿತು. ಧಾನ್ಯದ ಚಕ್ಕೆಗೆ ಸಕ್ಕರೆ ಸೇರಿಸಿದರೆ ಮಾರಾಟವಾಗುತ್ತದೆ ಎಂದ ತಮ್ಮ ವಿಲ್ ಕೀತ್, ಕೂಡದು ಎಂದ ಅಣ್ಣ. 1906ರಲ್ಲಿ ತಮ್ಮ ತನ್ನದೇ ಕಂಪನಿ ಕಟ್ಟಿದ. ಜಗತ್ತಿನ ಬೆಳಗಿನ ಬಟ್ಟಲನ್ನು ಆಳಿದ್ದು ತಮ್ಮನ ದಾರಿ. ಆ ತಗಡಿನ ಕೋಣೆಯಲ್ಲಿ ಊಟ ಮಾಡುತ್ತಾ ಈ ಕತೆ ಹೇಳಿದಾಗ ಅವರೆಲ್ಲ ಬಹಳ ಆಸಕ್ತಿಯಿಂದ ಕೇಳಿದರು.

ಊಟದ ಹೊತ್ತಿನಲ್ಲೇ ದಾರಿಯೂ ಹೊಳೆಯಿತು, ನನಗಲ್ಲ, ಬೇಸಿಗೆಯಲ್ಲಿ ಸಂಡಿಗೆ ಹಾಕಿ ಮಾರುವ ಒಬ್ಬ ಸದಸ್ಯೆಗೆ. 'ಸಂಡಿಗಿ ಹಿಟ್ಟು ಕಾಸಿದ ಮ್ಯಾಲ ಹೆಂಗ್ ಹಿಡಕೋತೈತಿ ನೋಡ್ರಿ. ನವಣಿ ಹಿಟ್ಟಿನ ತೆಳ್ಳನ ಗಂಜಿ ಕಾಸಿ, ಅರ್ಧಾ ಬೆಲ್ಲ ಅದರಾಗ ಕರಗಿಸಿ ಹಾಕಿದ್ರ?' ಎಂದರು. ಗಂಜಿಯ ಪಿಷ್ಟ ಕಾದಾಗ ಅಂಟಾಗುತ್ತದೆ, ಒಣಗಿದಾಗ ಗಟ್ಟಿ ಹಿಡಿಯುತ್ತದೆ. ಶಾಸ್ತ್ರ ಸರಿಯಾಗಿಯೇ ಇತ್ತು. ಅಂದೇ ಒಂದು ತಟ್ಟೆ ಮಾಡಿ ನೋಡಿದರು. ಮೊದಲನೆಯದು ಮೆತ್ತಗಾಯಿತು, ನೀರಿನಂಶ ಉಳಿದಿತ್ತು. ಉರಿ ತಗ್ಗಿಸಿ, ಹೆಚ್ಚು ಹೊತ್ತು ಒಣಗಿಸಿ, ನಡುವೆ ಕೈಯಾಡಿಸದೆ ಬಿಟ್ಟು, ಪೂರ್ತಿ ಆರಿದ ಮೇಲೆ ಮುರಿದಾಗ ಕಡಲೆ ಗಾತ್ರದ ಗಂಟುಗಳು ಬಂದವು. ಮೊದಲಿನಷ್ಟು ದೊಡ್ಡವಲ್ಲ, ಆದರೆ ಪುಡಿಯೂ ಅಲ್ಲ. ಇದರ ಬೆಲೆ ಗ್ಯಾಸಿನಲ್ಲಿ ತೆರಬೇಕು. ಒಣಗಿಸುವ ಹೊತ್ತು ಸುಮಾರು ಎರಡರಷ್ಟಾಯಿತು.

ಕಮಟಿನ ವಿಷಯ ಇಷ್ಟು ಸಲೀಸಾಗಲಿಲ್ಲ. ಸಜ್ಜೆ ಹಿಟ್ಟಿನ ಬದಲು ಸಜ್ಜೆ ಅರಳು ಹಾಕುವುದು ಸುಲಭವಿತ್ತು. ಜೋರು ಕಾವಿನಲ್ಲಿ ಅರಳುವಾಗ ಆ ಕಿಣ್ವ ಸಾಯುತ್ತದೆ. ನಾಗರ ಪಂಚಮಿಗೆ ಜೋಳದ ಅರಳು ಹುರಿಯುವ ಕೈಗಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ: ಕಾಳಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಇಟ್ಟು, ಹದ ನೋಡಿ ಕಾದ ಬಾಣಲೆಗೆ. ಅಗಸೆ ಪುಡಿಯ ಬಗ್ಗೆ ಚರ್ಚೆ ಬೆಳೆಯಿತು. ಇಡೀ ಅಗಸೆ ಹಾಕಿದರೆ ಕೆಡುವುದಿಲ್ಲ, ಆದರೆ ಅಗಿಯದೆ ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗದೆ ಹಾಗೇ ಹೋಗುತ್ತದೆ. ಕೊನೆಗೆ ಅಗಸೆಯನ್ನೇ ಬಿಟ್ಟು ಬಿಳಿ ಎಳ್ಳು ಹಾಕುವುದೆಂದಾಯಿತು. ಪೊಟ್ಟಣದ ಮಾತು ಇನ್ನೂ ಕಷ್ಟದ್ದು. ಬೆಳಕು, ಗಾಳಿ ತಡೆಯಲು ಅಲ್ಯೂಮಿನಿಯಂ ಪದರದ ಚೀಲ ಬೇಕು, ಅದು ಮರುಬಳಕೆಗೆ ಬಾರದು. ಊರ ಕಸ ಕಡಿಮೆ ಮಾಡಬೇಕೆಂದು ಕಾಗದದ ಚೀಲ ಆರಿಸಿಕೊಂಡಿದ್ದವರು ಇವರು. ನಾನು ಈ ವಿಷಯದಲ್ಲಿ ಆಹಾರದ ಪಕ್ಷ ವಹಿಸಿದೆ: ಕೆಟ್ಟು ಎಸೆದ ಸಾಮೆಯೂ ಕಸವೇ, ಅದರ ಹಿಂದೆ ಹೊಲ, ಮಳೆ, ದುಡಿಮೆ ಇದೆ. ಅವರಲ್ಲಿ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಹಣದ ಲೆಕ್ಕ

320 ರೂಪಾಯಿ ದುಬಾರಿ ಎನ್ನುವವರಿಗೆ ಅವರು ತೋರಿಸಿದ ಲೆಕ್ಕ ಹೇಳಬೇಕು. ಅಂಗಡಿಯ ಪಾಲೇ ಹತ್ತಿರಹತ್ತಿರ ಮೂರನೇ ಒಂದು. ಚೀಲ, ಮುದ್ರಣ, ಸಾಗಾಟ ಕಳೆದ ಮೇಲೆ ಉಳಿದದ್ದರಲ್ಲಿ ಧಾನ್ಯ, ಶೇಂಗಾ, ಕೂಲಿ, ಗ್ಯಾಸು, ಸಾಲದ ಕಂತು. 2025ರ ಸೆಪ್ಟೆಂಬರ್ 22ರಿಂದ ಇಂಥ ಧಾನ್ಯದ ತಿನಿಸುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದದ್ದು ಅವರಿಗೆ ದೊಡ್ಡ ನೆಮ್ಮದಿ. ಮೇಳದಲ್ಲಿ ನೇರವಾಗಿ ಮಾರಿದಾಗ ಮಾತ್ರ ಕೈಯಲ್ಲಿ ನಾಲ್ಕು ಕಾಸು ನಿಲ್ಲುತ್ತದೆ. ಇದನ್ನು ಕೇಳಿದ ಮೇಲೆ ನಾನು ಅಂಗಡಿ ಬಿಟ್ಟು ಅವರಿಂದಲೇ ತರಿಸಿಕೊಳ್ಳುತ್ತೇನೆ.

ಈಗ ಬರುತ್ತಿರುವ ಪೊಟ್ಟಣ 200 ಗ್ರಾಮಿನದು, ಹುರಿದ ದಿನಾಂಕ ದೊಡ್ಡದಾಗಿ ಮುದ್ರಿಸಿರುತ್ತಾರೆ, ಬಳಸುವ ಅವಧಿ ಮೂರು ತಿಂಗಳಿಗೆ ಇಳಿದಿದೆ. ಸೇರಿಸಿದ ಸಕ್ಕರೆ 100 ಗ್ರಾಂಗೆ 12 ಗ್ರಾಂ. ನಿಯಮದ ಪ್ರಕಾರ 'ಸಕ್ಕರೆ ಕಡಿಮೆ' ಎನ್ನಲು ಒಟ್ಟು ಸಕ್ಕರೆ 5 ಗ್ರಾಂ ಮೀರಬಾರದು, ಹಾಗಾಗಿ ಆ ಮಾತು ಬರೆಯುವಂತಿಲ್ಲ. ಬರೆಯುವ ಯೋಚನೆಯೂ ಅವರಿಗಿಲ್ಲ. ಜೇನು ಹೋಯಿತು, ಅದರೊಂದಿಗೆ ಕೂಸುಗಳ ಚಿಂತೆ ಕಡಿಮೆಯಾಯಿತು. 'ಪುಟ್ಟ ಮಕ್ಕಳಿಗೂ' ಎಂಬ ಸಾಲನ್ನೂ ತೆಗೆದರು. ಸಿಹಿ ಸಾಲದೆಂದು ಕೆಲವು ಹಳೆಯ ಗಿರಾಕಿಗಳು ಬಿಟ್ಟುಹೋದರು. ಅದನ್ನು ಅಧ್ಯಕ್ಷೆಯೇ ಫೋನಿನಲ್ಲಿ ತಿಳಿಸಿದರು, ದನಿಯಲ್ಲಿ ಬೇಸರವಿತ್ತು.

ನಮ್ಮ ಮನೆಯಲ್ಲಿ ಮಗನಿಗೆ 40 ಗ್ರಾಂ ಹಿಡಿಯುವ ಒಂದು ಅಳತೆ ಬಟ್ಟಲು, ಅದರ ಮೇಲೆ ಗಟ್ಟಿ ಮೊಸರು, ಒಂದು ಬಾಳೆಹಣ್ಣು. ಸೇರಿಸಿದ ಸಕ್ಕರೆ 5 ಗ್ರಾಂ ಒಳಗೆ ನಿಲ್ಲುತ್ತದೆ, ಹೊಟ್ಟೆಯೂ ತುಂಬುತ್ತದೆ. ಮಾವನವರು ಬೆಳಗಿನ ರೊಟ್ಟಿಗೆ ಮರಳಿದ್ದಾರೆ, ಅದೇ ಸಂಘದಿಂದ ಬರಿ ಸಾಮೆ ತರಿಸಿ ಮಧ್ಯಾಹ್ನ ಅಳತೆಯಲ್ಲಿ ಅನ್ನ ಮಾಡಿಸಿಕೊಳ್ಳುತ್ತಾರೆ. ಮುಂಭಾಗದ 'ಕ್ಯಾಲ್ಸಿಯಂ ಭರಿತ' ಮಾತ್ರ ಇನ್ನೂ ಹಾಗೇ ಇದೆ. ಮುಂದಿನ ಮುದ್ರಣದಲ್ಲಿ ಅಲ್ಲಿ 'ಹೆಚ್ಚು ನಾರು' ಬರುತ್ತದೆ ಎಂದಿದ್ದಾರೆ. ಹಳೆಯ ಚೀಲಗಳು ಮುಗಿಯಬೇಕಂತೆ.